ಹತ್ತು ಚೀಲ ಕಾಫಿಗೆ ಒಂದು ಕೋಲು

ಹಾಸನ ಬಿಟ್ಟು ಆಲೂರಿನ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಗದ್ದೆ, ಶುಂಠಿಯ ಹೊಲ, ನಡುವೆ ಒಂದೊಂದು ಕೆರೆ. ಪಾಳ್ಯ, ಬಾಳ್ಳುಪೇಟೆ ಬರುತ್ತಿದ್ದಂತೆ ನೆಲ ಏರಿಳಿಯತೊಡಗುತ್ತದೆ. ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಹೇಮಾವತಿಯ ದಡದಲ್ಲಿ ಸಕಲೇಶಪುರ. ಇನ್ನೂ ಮುಂದೆ ಹೋದರೆ ದೋಣಿಗಾಲ್‌ನ ಗುಡ್ಡದ ಮೇಲೆ ಟಿಪ್ಪು ಸುಲ್ತಾನ ಕಟ್ಟಿಸಿದ, 1792ರಲ್ಲಿ ಮುಗಿದ ಮಂಜರಾಬಾದ್ ಕೋಟೆ. ಎಂಟು ಮೂಲೆಯ ನಕ್ಷತ್ರದಂತಿರುವ ಈ ಕೋಟೆಯ ಗೋಡೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಕಣ್ಣು ಹಾಯುವಷ್ಟು ದೂರ ಹುಲ್ಲಿನ ದಿಬ್ಬಗಳು, ಶೋಲಾ ಕಾಡು, ಮಂಜು.

ಟಿ.ವಿ.ಯಲ್ಲಿ ಗಾಲ್ಫ್ ನೋಡಿದವರಿಗೆ ಆ ದಿಬ್ಬಗಳನ್ನು ಕಂಡಾಗ ಒಂದು ಯೋಚನೆ ಬಾರದೆ ಇರದು. ಅಲ್ಲಲ್ಲಿ ಗುಳಿ ತೋಡಿ ಬಾವುಟ ನೆಟ್ಟರೆ ಸಾಕು, ಮೈದಾನ ಸಿದ್ಧ! ಆದರೆ ಇಲ್ಲಿನ ಆಟಗಾರರು ಸಾಮಾನ್ಯವಾಗಿ ಕಾರಿನ ಹಿಂಬದಿಗೆ ಚೀಲ ಹಾಕಿಕೊಂಡು ಚಿಕ್ಕಮಗಳೂರಿಗೋ, ಕೊಡಗಿನ ಮಡಿಕೇರಿ, ಬಿಟ್ಟಂಗಾಲದ ಮೈದಾನಗಳಿಗೋ ಹೊರಡುತ್ತಾರೆ. ಆ ಚೀಲದೊಳಗೆ ಏನಿದೆ, ಅದಕ್ಕೆ ಎಷ್ಟು ಕೊಟ್ಟರು ಎಂಬುದು ಕಾಫಿ ಸೀಮೆಯ ಹರಟೆಗೆ ಒಳ್ಳೆಯ ವಸ್ತು. ಅದರಲ್ಲೂ ಚೀಲದಲ್ಲಿರುವುದು ಜಪಾನಿನ ಕೋಲಾದರೆ ಮಾತು ಬೇಗ ಮುಗಿಯುವುದಿಲ್ಲ.

ಆಟವೂ ಕಾಫಿಯೂ

ಈ ಬೆಟ್ಟಗಳಿಗೆ ಆಟದ ಗೀಳು ಹೊಸದಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ಪ್ಲಾಂಟರು 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’. ಆಗಿನ ‘ಸ್ಪೋರ್ಟ್’ ಎಂದರೆ ಹೆಚ್ಚಾಗಿ ಬೇಟೆ. ಬೇಟೆ ನಿಂತುಹೋಗಿ ಬಹಳ ಕಾಲವಾಯಿತು. ಆದರೆ ಪ್ಲಾಂಟರುಗಳು ಸಂಜೆ ಸೇರಲು ಕಟ್ಟಿಕೊಂಡ ಕ್ಲಬ್ಬುಗಳು ಉಳಿದವು. ಸಕಲೇಶಪುರದ ಮಂಜರಾಬಾದ್ ಕ್ಲಬ್ ನೂರು ವರ್ಷ ದಾಟಿದ್ದು. ಗಾಲ್ಫಿನಲ್ಲಿ ಆಡುವ ಕೋಲಿಗೂ ಕ್ಲಬ್ ಎಂದೇ ಹೆಸರು. ಆದ್ದರಿಂದ ‘ಯಜಮಾನರು ಕ್ಲಬ್ಬಿಗೆ ದುಡ್ಡು ಕಟ್ಟಿದರು’ ಎಂದರೆ ಸದಸ್ಯತ್ವಕ್ಕೋ, ಕೋಲಿಗೋ ಎಂದು ಮನೆಯವರು ಕೇಳಿ ತಿಳಿಯಬೇಕಾಗುತ್ತದೆ!

ಕೋಲಿನ ಬೆಲೆಗೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಇದೆ. 2016ರ ನವೆಂಬರಿನಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆ, ಆಗಷ್ಟೇ ಚುನಾವಣೆ ಗೆದ್ದಿದ್ದ ಡೊನಾಲ್ಡ್ ಟ್ರಂಪ್ ಅವರಿಗೆ ಚಿನ್ನದ ಬಣ್ಣದ ಹೊನ್ಮಾ ಡ್ರೈವರ್ ಒಂದನ್ನು ಉಡುಗೊರೆ ಕೊಟ್ಟರು. ಡ್ರೈವರ್ ಎಂದರೆ ಮೊದಲ ಹೊಡೆತಕ್ಕೆ ಹಿಡಿಯುವ ಉದ್ದದ ಕೋಲು. ಬೆಲೆ 3,755 ಡಾಲರ್. ಅಂದಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಲಕ್ಷ ರೂಪಾಯಿ. ಆಟಗಾರ ಚೀಲದಲ್ಲಿ 14 ಕೋಲುಗಳವರೆಗೆ ಇಟ್ಟುಕೊಳ್ಳಬಹುದು. ಇದು ಅವುಗಳಲ್ಲಿ ಒಂದರ ಬೆಲೆ ಮಾತ್ರ.

ಇದನ್ನು ಕಾಫಿಯಲ್ಲಿ ಅಳೆದು ನೋಡಬಹುದು. 2025ರ ಮೊದಲ ತಿಂಗಳುಗಳಲ್ಲಿ ಅರೇಬಿಕಾ ಪಾರ್ಚ್‌ಮೆಂಟಿನ 50 ಕಿಲೋ ಚೀಲ 25 ಸಾವಿರ ರೂಪಾಯಿ ದಾಟಿತ್ತು. ಬೆಳೆಗಾರರು ಹಿಂದೆಂದೂ ಕಾಣದ ಬೆಲೆ ಅದು. ಆ ದರದಲ್ಲೂ ಒಂದು ಕೋಲಿಗೆ ಹತ್ತು ಚೀಲ. ಹತ್ತು ಚೀಲಕ್ಕೆ ಸುಮಾರು ಎರಡೂವರೆ ಟನ್ ಹಣ್ಣು ಬೇಕು. ಒಬ್ಬ ಹೆಣ್ಣಾಳು ದಿನಕ್ಕೆ 50 ಕಿಲೋ ಹಣ್ಣು ಕೊಯ್ದರೂ 50 ದಿನದ ಕೊಯ್ಲು. ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸುವ ಕೆಲಸ ಬೇರೆ. ಅಷ್ಟು ಮಂದಿಯ ಬೆವರನ್ನು ಒಂದು ಕೋಲಿಗೆ ಕೊಡಬಹುದೆ? ಬೆಲೆ ಚೆನ್ನಾಗಿರುವ ವರ್ಷ ಕೈಯಲ್ಲಿ ಹಣ ಓಡಾಡುವಾಗಲೇ ಈ ಪ್ರಶ್ನೆ ಕೇಳಿಕೊಳ್ಳಬೇಕು. 2001ರ ಏಪ್ರಿಲ್‌ನಲ್ಲಿ ವಿದೇಶಿ ಸರಕಿನ ಆಮದಿಗಿದ್ದ ಪ್ರಮಾಣದ ಮಿತಿಗಳು ಕಳಚಿದಾಗ ಕಾಫಿಯ ಬೆಲೆ ಪಾತಾಳ ಮುಟ್ಟಿತ್ತು. ಅಂಗಡಿಯಲ್ಲಿ ಕೋಲು ಇತ್ತು, ಕೊಳ್ಳುವವರ ಜೇಬು ಖಾಲಿ. ಆ ಎರಡು ವರ್ಷ ಮಕ್ಕಳ ಕಾಲೇಜು ಫೀಸಿಗೆ ಪರದಾಡಿದ ಮನೆಗಳಿಗೆ ಅದಿನ್ನೂ ಮರೆತಿಲ್ಲ.

ಜಪಾನಿನ ಕುಲುಮೆ

ಜಪಾನಿಗೂ ಗಾಲ್ಫ್ ಹೋದದ್ದು ಮಂಜರಾಬಾದಿಗೆ ಕಾಫಿ ಬಂದ ಹಾಗೆಯೇ, ಬ್ರಿಟಿಷರ ಜೊತೆಗೆ. ಕೋಬೆ ಬಂದರಿನಲ್ಲಿ ಚಹಾ ವ್ಯಾಪಾರ ಮಾಡುತ್ತಿದ್ದ ಆರ್ಥರ್ ಗ್ರೂಮ್ ಎಂಬಾತ ಪಕ್ಕದ ರೊಕ್ಕೊ ಬೆಟ್ಟದ ಮೇಲೆ ಮೈದಾನ ಮಾಡಿಸಿದ. 1903ರಲ್ಲಿ ಅಲ್ಲಿ ಜಪಾನಿನ ಮೊದಲ ಗಾಲ್ಫ್ ಕ್ಲಬ್ ಹುಟ್ಟಿತು. ಕೋಬೆಗೆ ದೂರವಲ್ಲದ ಹಿಮೇಜಿ ಸೀಮೆ ಕಮ್ಮಾರರ ನಾಡು. 1930ರ ಸುಮಾರಿಗೆ ಅಲ್ಲಿನ ಕುಲುಮೆಗಳಲ್ಲಿ ಗಾಲ್ಫ್ ಕೋಲಿನ ಕಬ್ಬಿಣದ ತಲೆ ಬಡಿಯುವುದು ಶುರುವಾಯಿತು. ಒಸಾಕಾದ ಮಿಜುನೊ ಕಂಪನಿ 1933ರಲ್ಲಿ ಗಾಲ್ಫ್ ಕೋಲುಗಳನ್ನು ಮಾರುಕಟ್ಟೆಗೆ ತಂದಿತು. 1957ರಲ್ಲಿ ಟೋಕಿಯೊ ಹತ್ತಿರದ ಕಸುಮಿಗಸೆಕಿ ಮೈದಾನದಲ್ಲಿ ನಡೆದ ಕೆನಡಾ ಕಪ್ ಪಂದ್ಯವನ್ನು ಜಪಾನೀಯರೇ ಗೆದ್ದಾಗ ಇಡೀ ದೇಶಕ್ಕೆ ಗಾಲ್ಫಿನ ಹುಚ್ಚು ಹಿಡಿಯಿತು. ಹಿಮೇಜಿಯ ಮಿಯುರಾ, ಈಗ ಸಕಾಟ ಎಂಬ ಊರಿನಲ್ಲಿ ಕಾರ್ಖಾನೆ ಇರುವ ಹೊನ್ಮಾ, ಎರಡೂ ಆ ಕಾಲದಲ್ಲಿ ಮೇಲೆ ಬಂದ ಹೆಸರುಗಳು.

ಇವುಗಳಲ್ಲಿ ಅಂಥದ್ದೇನಿದೆ? ಮಲೆನಾಡಿನವರಿಗೆ ಇದನ್ನು ತಿಳಿಯಲು ಜಪಾನಿಗೆ ಹೋಗಬೇಕಾಗಿಲ್ಲ. ಮರಗಸಿ ಮಾಡುವ ಆಳಿನ ಸೊಂಟದಲ್ಲಿರುವ ಕತ್ತಿ ನೋಡಿದರೆ ಸಾಕು. ಅವನು ಅದನ್ನು ಸಂತೆಯಲ್ಲಿ ಕೊಂಡಿರುವುದಿಲ್ಲ. ಗೊತ್ತಿರುವ ಕುಲುಮೆಯಲ್ಲಿ ಹೇಳಿ ಮಾಡಿಸಿರುತ್ತಾನೆ. ಹಿಡಿ ಅವನ ಅಂಗೈ ಅಳತೆಗೆ, ತೂಕ ಅವನ ತೋಳಿನ ಕಸುವಿಗೆ. ಅಂಥ ಕತ್ತಿಯನ್ನು ಇನ್ನೊಬ್ಬರಿಗೆ ಸಲೀಸಾಗಿ ಕೊಡುವುದೂ ಇಲ್ಲ. ಅಚ್ಚಿಗೆ ಎರಕ ಹೊಯ್ದು ಮಾಡಿದ ಕಬ್ಬಿಣಕ್ಕೂ ಕಾಸಿ ಬಡಿದು ಮಾಡಿದ ಕಬ್ಬಿಣಕ್ಕೂ ವ್ಯತ್ಯಾಸ ಅವನ ಕೈಗೆ ಗೊತ್ತು.

ಗಾಲ್ಫಿನಲ್ಲೂ ಅಷ್ಟೆ. ಅಗ್ಗದ ಕೋಲಿನ ತಲೆ ಹೆಚ್ಚಾಗಿ ಎರಕದ್ದು. ಜಪಾನಿನ ಒಳ್ಳೆಯ ‘ಐರನ್’ಗಳು ಇಂಗಾಲ ಕಡಿಮೆ ಇರುವ ಮೆದು ಉಕ್ಕನ್ನು ಕಾಸಿ, ಅಚ್ಚಿನ ನಡುವೆ ಬಡಿದು, ಕೈಯಲ್ಲಿ ಉಜ್ಜಿ ಮಾಡಿದವು. ಚೆಂಡು ಸರಿಯಾದ ಜಾಗಕ್ಕೆ ತಾಗಿದಾಗ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹಗುರ. ತಪ್ಪಿ ತಾಗಿದರೆ ಅದೂ ಕೈಗೆ ತಿಳಿಯುತ್ತದೆ. ಇನ್ನೊಂದು ಅನುಕೂಲವೆಂದರೆ, ಮೆದು ಉಕ್ಕಾದ್ದರಿಂದ ಕೋಲಿನ ಕುತ್ತಿಗೆಯನ್ನು ಒಂದೆರಡು ಡಿಗ್ರಿ ಬಗ್ಗಿಸಿ ಆಟಗಾರನ ಎತ್ತರಕ್ಕೆ, ನಿಲುವಿಗೆ ಹೊಂದಿಸಬಹುದು. ಎಲ್ಲ ಕೋಲುಗಳ ತೂಕ ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವುದರಲ್ಲೂ ಜಪಾನೀಯರು ಕಟ್ಟುನಿಟ್ಟು. ಇಷ್ಟಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ.

ಎಲ್ಲಿಗೆ ನಿಲ್ಲಬೇಕು?

ಆದರೆ ಬೆಲೆ ಅಲ್ಲಿಗೆ ನಿಲ್ಲುವುದಿಲ್ಲ. ಹೊನ್ಮಾದ ‘ಬೆರೆಸ್’ ಎಂಬ ಸಾಲಿನಲ್ಲಿ ಎರಡು ನಕ್ಷತ್ರದಿಂದ ಐದು ನಕ್ಷತ್ರದವರೆಗೆ ದರ್ಜೆಗಳಿವೆ. ಮೇಲಕ್ಕೆ ಹೋದಂತೆ ಕೋಲಿನ ಕಾಂಡದ ನೇಯ್ಗೆ ನಾಜೂಕಾಗುತ್ತದೆ, ತಲೆಗೆ ಚಿನ್ನ, ಪ್ಲಾಟಿನಂ ಲೇಪ ಬರುತ್ತದೆ. ಬೆಲೆ ಹಲವು ಪಟ್ಟು ಏರುತ್ತದೆ. ಚಿನ್ನದ ಲೇಪದಿಂದ ಚೆಂಡು ಒಂದು ಗಜವೂ ಹೆಚ್ಚು ಹೋಗುವುದಿಲ್ಲ.

ಹೋಗಲು ನಿಯಮವೂ ಬಿಡದು. ಗಾಲ್ಫಿನ ನಿಯಮ ಮಾಡುವ ಬ್ರಿಟನ್, ಅಮೆರಿಕದ ಸಂಸ್ಥೆಗಳು ಡ್ರೈವರಿನ ತಲೆ 460 ಘನ ಸೆಂಟಿಮೀಟರ್ ಮೀರಬಾರದು, ಅದರ ಮುಖ ಚೆಂಡನ್ನು ಪುಟಿಸುವ ಶಕ್ತಿ ಇಂತಿಷ್ಟನ್ನು ದಾಟಬಾರದು ಎಂದು ಗೆರೆ ಎಳೆದಿವೆ. ಸಾಧಾರಣ ಬೆಲೆಯ ಹೊಸ ಡ್ರೈವರುಗಳೇ ಆ ಗೆರೆಯ ಹತ್ತಿರ ಬಂದು ನಿಂತಿವೆ. ಮೂರು ಲಕ್ಷ ಕೊಟ್ಟವರೂ ಪಂದ್ಯದಲ್ಲಿ ಅದೇ ಗೆರೆಯೊಳಗೆ ಆಡಬೇಕು.

ಲೆಕ್ಕ ಇನ್ನೊಂದಿದೆ. 18 ಗುಳಿಯ ದೊಡ್ಡ ಮೈದಾನದಲ್ಲಿ ಒಳ್ಳೆಯ ಆಟಗಾರನಿಗೆ ಸಾಮಾನ್ಯವಾಗಿ 72 ಹೊಡೆತದ ಮಿತಿ. ಇದರಲ್ಲಿ ಗುಳಿಗೆ ಎರಡರಂತೆ 36 ಹೊಡೆತ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ‘ಪಟರ್’ ಎಂಬ ಗಿಡ್ಡ ಕೋಲಿನಿಂದ ಚೆಂಡನ್ನು ಮೆಲ್ಲಗೆ ತಳ್ಳುವುದು. ಅಂದರೆ ಅರ್ಧ ಆಟ ಅಲ್ಲೇ. ಅಲ್ಲಿ ಬೇಕಾದದ್ದು ಕಸುವಲ್ಲ, ಕಣ್ಣು ಮತ್ತು ತಾಳ್ಮೆ. ಅವು ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ಜಪಾನಿನ ದುಬಾರಿ ಕೋಲು ಯಾರಿಗೂ ಬೇಡವೆ? ಹಾಗೂ ಅಲ್ಲ. ವಯಸ್ಸಾಗಿ ಭುಜ ಬಿಗಿದು, ಬೀಸು ನಿಧಾನವಾದವರಿಗೆ ಹಗುರವಾದ ಕಾಂಡದ ಕೋಲು ನಿಜವಾಗಿ ಉಪಕಾರಿ. ಬೆರೆಸ್ ಮಾದರಿಯ ಕೋಲುಗಳನ್ನು ಮಾಡುವುದೇ ಬಹುಮಟ್ಟಿಗೆ ಅಂಥವರಿಗಾಗಿ. ನಲವತ್ತು ವರ್ಷ ತೋಟ ನೋಡಿ, ಸಾಲ ತೀರಿಸಿ, ಮಕ್ಕಳನ್ನು ದಡ ಸೇರಿಸಿದ ಹಿರಿಯರು ತಮ್ಮ ದುಡ್ಡಿನಲ್ಲಿ ಒಂದು ಸೆಟ್ ಕೊಂಡರೆ ಯಾರೂ ಆಡಿಕೊಳ್ಳಬೇಕಾಗಿಲ್ಲ. ಅವರೂ ಒಂದು ಮಾತು ನೆನಪಿಡಬೇಕು. ಸಕಲೇಶಪುರದ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಲೇಪವಿಲ್ಲದ ಮೆದು ಉಕ್ಕಿಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು? ಆಡಿ ಬಂದ ದಿನವೇ ಒರೆಸಿ, ಎಣ್ಣೆ ಸವರಿ ಇಡದಿದ್ದರೆ ದುಡ್ಡೂ ಹೋಯಿತು, ಕೋಲೂ ಹೋಯಿತು.

ಅತ್ಯುತ್ತಮ ಆಟಗಾರರ ಕತೆಯೂ ಇದನ್ನೇ ಹೇಳುತ್ತದೆ. 2019ರ ಜನವರಿಯಲ್ಲಿ ವಿಶ್ವದ ಒಂದನೇ ಸ್ಥಾನದಲ್ಲಿದ್ದ ಇಂಗ್ಲೆಂಡಿನ ಜಸ್ಟಿನ್ ರೋಸ್ ಹೊನ್ಮಾ ಕೋಲು ಹಿಡಿದರು. ಅದೇ ತಿಂಗಳು ಅಮೆರಿಕದ ಟೋರಿ ಪೈನ್ಸ್‌ನಲ್ಲಿ ಗೆದ್ದರು. ಮರುವರ್ಷವೇ ಆ ನಂಟು ಮುಗಿಯಿತು. ಕೋಲೇ ಗೆಲ್ಲಿಸುವಂತಿದ್ದರೆ ಅದನ್ನು ಯಾರು ಕೈಬಿಡುತ್ತಿದ್ದರು?

ಮಗಳು ಕೇಳಿದರೆ?

ಕಷ್ಟ ಬರುವುದು ಮನೆಯಲ್ಲಿ ಮಕ್ಕಳು ಕೇಳಿದಾಗ. ‘ಅಪ್ಪಾ, ಎಲ್ಲರ ಹತ್ತಿರವೂ ಜಪಾನ್ ಸೆಟ್ ಇದೆ, ನನಗೂ ಬೇಕು’ ಎಂದರೆ ಇಲ್ಲ ಎನ್ನಲು ಮನಸ್ಸಾಗದು. ಮಗಳ ಪ್ರತಿಭೆಗೆ ತಾವೇ ಅಡ್ಡಗಾಲು ಹಾಕಿದಂತಾಗುವುದೇ ಎಂಬ ಅಳುಕು ಬೇರೆ. ಆ ಅಳುಕಿಗೆ ಕರ್ನಾಟಕದಲ್ಲೇ ಉತ್ತರವಿದೆ.

ಬೆಂಗಳೂರಿನ ಅದಿತಿ ಅಶೋಕ್ ಐದಾರು ವರ್ಷದವಳಿದ್ದಾಗ, ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸದ ಅಂಗಳ ಕಾಣುವ ಹೋಟೆಲಿನಲ್ಲಿ ತಿಂಡಿ ತಿನ್ನುತ್ತ ಕೂತಿದ್ದ ಕುಟುಂಬಕ್ಕೆ ಆ ಆಟ ಕಣ್ಣಿಗೆ ಬಿತ್ತು. ಆ ಮನೆಯಲ್ಲಿ ಅದಕ್ಕೆ ಮುಂಚೆ ಯಾರೂ ಗಾಲ್ಫ್ ಆಡಿದವರಲ್ಲ. ಹನ್ನೆರಡನೆಯ ತರಗತಿ ಮುಗಿಸಿದ 2016ರಲ್ಲೇ ಆಕೆ ರಿಯೊ ಒಲಿಂಪಿಕ್ಸಿಗೆ ಹೋದಳು. ಕೋಲಿನ ಚೀಲ ಹೊತ್ತವರು ತಂದೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಚೀಲ ಹೊತ್ತವರು ತಾಯಿ. 2021ರ ಆಗಸ್ಟಿನ ಆ ಪಂದ್ಯ ನಡೆದದ್ದು, 1957ರಲ್ಲಿ ಜಪಾನಿಗೆ ಗಾಲ್ಫಿನ ಹುಚ್ಚು ಹಿಡಿಸಿದ ಅದೇ ಕಸುಮಿಗಸೆಕಿಯಲ್ಲಿ. ಅದಿತಿ ಆಗ ವಿಶ್ವ ಶ್ರೇಯಾಂಕದಲ್ಲಿ 200ನೆಯವಳು. ಅದಕ್ಕೆ ಮೊದಲು ಕೋವಿಡ್ ತಗಲಿ ಕಸುವು ಕುಂದಿತ್ತು. ದೂರ ಹೊಡೆಯುವುದರಲ್ಲಿ ಅಲ್ಲಿದ್ದವರ ಪೈಕಿ ಕೊನೆಯ ಸಾಲು. ಆದರೂ ಪಟರ್ ಕೋಲಿನ ಜಾಣ್ಮೆಯಿಂದ ಕೊನೆಯ ದಿನದವರೆಗೆ ಪದಕದ ಪೈಪೋಟಿಯಲ್ಲಿದ್ದಳು. ಕೈತಪ್ಪಿದ್ದು ಒಂದೇ ಹೊಡೆತದಲ್ಲಿ; ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಭಾರತದಲ್ಲಿ ಗಾಲ್ಫ್ ಎಂದರೇನೆಂದು ತಿಳಿಯದವರೂ ಅಂದು ಬೆಳಗಿನ ಜಾವ ಎದ್ದು ಟಿ.ವಿ. ಮುಂದೆ ಕೂತಿದ್ದರು.

ಬಿಡದಿ ಬಳಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಇನ್ನೊಂದು ಉದಾಹರಣೆ. ಚೆಂಡು ಹೆಕ್ಕುತ್ತ ಆಟ ನೋಡಿ ಕಲಿತು, ವೃತ್ತಿ ಆಟಗಾರನಾಗಿ ಬೆಳೆದ ಆತನ ಬಾಲ್ಯದಲ್ಲಿ ಚಿನ್ನದ ಲೇಪದ ಕೋಲಿಗೆ ಜಾಗವೇ ಇರಲಿಲ್ಲ.

ಆದ್ದರಿಂದ ತಂದೆತಾಯಿ ಮಾಡಬಹುದಾದದ್ದು ಸರಳ. ಬೆಳೆಯುವ ಮಗುವಿಗೆ ಒಂದೆರಡು ವರ್ಷದಲ್ಲಿ ಕೋಲು ಗಿಡ್ಡವಾಗುತ್ತದೆ. ಬೇರೆಯವರು ಬಳಸಿದ್ದು, ಐದಾರೇ ಕೋಲು ಇದ್ದರೂ ಸಾಕು. ಉಳಿದ ಹಣ ಒಳ್ಳೆಯ ಗುರುವಿಗೆ, ಮೈದಾನಕ್ಕೆ ಹೋಗಿಬರುವ ಖರ್ಚಿಗೆ ಆಗಲಿ. ಎತ್ತರ ನಿಂತ ಮೇಲೆ, ಆಟ ಕೈಗೆ ಹತ್ತಿದ ಮೇಲೆ ಅಳತೆ ಕೊಟ್ಟು ಬಡಿದ ಉಕ್ಕಿನ ಒಂದು ಸೆಟ್ ಕೊಡಿಸಬಹುದು. ನಕ್ಷತ್ರ ಎಣಿಸುವುದು ಬೇಡ. ಸಾಲ ಮಾಡುವುದಂತೂ ಬೇಡವೇ ಬೇಡ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನೆಲಕ್ಕೆ ಚಿನ್ನ ಹೊದಿಸಿದರೂ ಕುಣಿತವನ್ನು ಕಲಿತೇ ಆಗಬೇಕು.

ಆಲೂರು, ಸಕಲೇಶಪುರದ ಹಳ್ಳಿಗಳಲ್ಲಿ ಸಂಜೆ ಚಿನ್ನಿದಾಂಡು ಆಡುವ ಮಕ್ಕಳಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಸೀಬೆಯ ಕೊಂಬೆ ಕಡಿದು, ತೋಳಿನ ಉದ್ದಕ್ಕೆ ಅಳೆದು, ಭಾರವಾದರೆ ಕೆತ್ತಿ, ಉದ್ದವಾದರೆ ತುಂಡರಿಸಿ ದಾಂಡು ಮಾಡಿಕೊಳ್ಳುತ್ತಾರೆ. ಕೈಗೆ ಒಗ್ಗಿತೆಂದರೆ ಮುಗಿಯಿತು; ಮಾರನೆಯ ದಿನಕ್ಕೂ ಅದೇ ದಾಂಡನ್ನು ಬೇಲಿಯ ಸಂದಿಯಲ್ಲಿ ಬಚ್ಚಿಟ್ಟು ಮನೆಗೆ ಹೋಗುತ್ತಾರೆ.