ಮೂಸಾರಾಮನ ಗೋರಿ

ನಾರಾಯಣಗೂಡದಿಂದ ಮೂಸಾರಾಮಬಾಗಿಗೆ ಮೆಟ್ರೋದಲ್ಲಿ ಹೋಗುವವರು ನಡುವೆ ಒಮ್ಮೆ ಗಾಡಿ ಬದಲಿಸಬೇಕು. ವಾಚಕರಲ್ಲಿ ಅನೇಕರು ಆ ನಿಲ್ದಾಣದ ಹೆಸರನ್ನು ದಿನವೂ ಕೇಳುತ್ತಿರಬಹುದು. ಅದಕ್ಕೆ ಕಾರಣನಾದವನು ನಿಜಾಮನ ಸೇನೆಯಲ್ಲಿದ್ದ ಫ್ರೆಂಚ್ ದಳಪತಿ ರೇಮಂಡ್. ಸಮೀಪದ ಅಸ್ಮಾನ್‌ಗಢ ಗುಡ್ಡದ ಮೇಲೆ ಅವನ ಗೋರಿಯಿದೆ. ಕಳೆದ ಭಾನುವಾರ ತಾಯಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ಗೋರಿಯೆಂದರೆ ಗುಮ್ಮಟವಲ್ಲ; ಮೇಲೆ ಹೋದಂತೆ ಸಣ್ಣದಾಗುವ ಕಲ್ಲಿನ ಕಂಬ. ಅದರ ಮೈಮೇಲೆ ‘ಜೆ. ಆರ್.’ ಎಂಬ ಎರಡೇ ಅಕ್ಷರ. 1786ರಲ್ಲಿ ನಿಜಾಮನ ಚಾಕರಿಗೆ ಸೇರಿದ ಈತ 1798ರ ಮಾರ್ಚ್ 25ರಂದು ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಇಂಗ್ಲಿಷರು ಅವನ ಪಡೆಯ ಆಯುಧ ಕಸಿದರು; ಮರುವರ್ಷ ನಿಜಾಮನ ಸೇನೆ ಅವರೊಡನೆ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋಯಿತು. ರಾಜ್ಯಗಳ ಲೆಕ್ಕ ಹಾಗಿರಲಿ. ಇಲ್ಲಿಯ ಹಿಂದೂಗಳು ಅವನನ್ನು ಮೂಸಾರಾಮನೆಂದರು, ಮುಸಲ್ಮಾನರು ಮೂಸಾ ರಹೀಮನೆಂದರು. ಸತ್ತ ದಿನ ಬಂದಾಗ ದೀಪ ಹಚ್ಚಿದರು. ಪಕ್ಕದ ಮಂಟಪ 2001ರ ಮಳೆಗೆ ಕುಸಿದಿತ್ತು. ಈಗಿರುವುದು ಮತ್ತೆ ಕಟ್ಟಿದ್ದು.

ನಮ್ಮ ಅಜ್ಜನವರು ರಾಯಚೂರಿನವರು. 1956ರಲ್ಲಿ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜ ನೌಕರಿಗೆಂದು ಹೈದರಾಬಾದಿನಲ್ಲೇ ಉಳಿದರು. ರಾಯಚೂರಿನ ಮನೆಗೆ ಈಗ ಗಿರಾಕಿ ಬಂದಿದ್ದಾನೆ. ಕಾಗದಕ್ಕೆ ತಾಯಿಯವರ ರುಜು ಬೇಕು. ಎರಡು ತಿಂಗಳಿಂದ ಅವರು “ನೋಡೋಣು” ಎನ್ನುತ್ತಿದ್ದಾರೆ.

ಕಂಬದ ನೆರಳಿನಲ್ಲಿ ಕುಳಿತು ಅವರು ಕೇಳಿದರು: “ಇವನ ಊರಾಗಿನ ಮನಿ ಏನಾತೋ, ಯಾರು ನೋಡಿಕೊಂಡರೋ?”

ನನಗೆ ಉತ್ತರ ತೋಚಲಿಲ್ಲ. ರುಜುವಿನ ಮಾತು ಎತ್ತದೆ ಗುಡ್ಡ ಇಳಿದು ಬಂದೆವು.