ಮೋಟಾರು ಕಾರಿನ ಊರಿನಲ್ಲಿ ಹಾರ್ಪ್

ಅಮೆರಿಕದ ಡೆಟ್ರಾಯಿಟ್ ನಗರದ ಮಧ್ಯದಲ್ಲಿ, ನದಿಯ ದಂಡೆಯ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಕಾಣುವುದು ಕೆನಡಾ! ಉತ್ತರದಲ್ಲಿರಬೇಕಾದ ದೇಶ ಇಲ್ಲಿ ದಕ್ಷಿಣಕ್ಕಿದೆ. ಈ ಊರಿನ ತಿರುವುಮುರುವು ಇದೊಂದೇ ಅಲ್ಲ. ಮೋಟಾರು ಕಾರಿಗೆ ಹೆಸರಾದ ಈ ಕಾರ್ಖಾನೆಗಳ ನಗರವೇ, ಸಿರಿವಂತರ ದಿವಾನಖಾನೆಯ ವಾದ್ಯವೆನಿಸಿದ್ದ ಹಾರ್ಪನ್ನು ಆಧುನಿಕ ಜಾಝ್ ಸಂಗೀತದೊಳಕ್ಕೆ ತಂದಿತು.

ಅದಕ್ಕೆ ಕಾರಣವಾದದ್ದು ಒಂದು ಸರ್ಕಾರಿ ಶಾಲೆ. ಸೆಕೆಂಡ್ ಅವೆನ್ಯೂದಲ್ಲಿರುವ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲ್. ಹೆಸರಿನಲ್ಲಿ 'ಟೆಕ್ನಿಕಲ್' ಇದ್ದರೂ 1920ರ ದಶಕದಿಂದಲೇ ಅಲ್ಲಿ ಹಾರ್ಪ್ ಕಲಿಸುತ್ತಿದ್ದರು. ಹಾರ್ಪ್ ಕಾಣದವರು ನಮ್ಮ ಸ್ವರಮಂಡಲವನ್ನು ನೆನೆಯಬಹುದು. ಅದನ್ನು ಆಳೆತ್ತರಕ್ಕೆ ಬೆಳೆಸಿ, ನೆಲದ ಮೇಲೆ ನಿಲ್ಲಿಸಿ, 47 ತಂತಿ ಬಿಗಿದಂತೆ. ತೂಕ ಸುಮಾರು 40 ಕಿಲೋ. ಇಂದು ಹೊಸದು ಕೊಳ್ಳಲು ಹತ್ತು ಲಕ್ಷ ರೂಪಾಯಿ ಸಾಲದು. ಕಾರ್ಖಾನೆಯ ಸಂಬಳದಲ್ಲಿ ಯಾವ ತಂದೆ ಇದನ್ನು ಕೊಡಿಸಿಯಾನು?

1932ರಲ್ಲಿ ಹುಟ್ಟಿದ ಡೊರೊಥಿ ಎಂಬ ಕಪ್ಪು ಹುಡುಗಿಯ ಕೈಗೆ ಹಾರ್ಪ್ ಸಿಕ್ಕಿದ್ದು ಈ ಶಾಲೆಯಲ್ಲೇ. ತಂದೆ ಗಿಟಾರ್ ವಾದಕ. ಮನೆಗೆ ಬಂದ ಜಾಝ್ ಗೆಳೆಯರು ನುಡಿಸಲು ಕುಳಿತರೆ ಮಗಳು ಪಿಯಾನೋದಲ್ಲಿ ಜೊತೆಗೂಡುತ್ತಿದ್ದಳು. ಮುಂದೆ ಡೊರೊಥಿ ಆಶ್ಬಿ ಎಂದು ಹೆಸರಾದ ಆಕೆ 1952ರ ಸುಮಾರಿಗೆ ಪಿಯಾನೋ ಬದಿಗಿಟ್ಟು ಹಾರ್ಪ್ ಹಿಡಿದರು.

ಸುಲಭದ ಮಾತಲ್ಲ ಅದು. ಪಿಯಾನೋದಲ್ಲಿರುವಂತೆ ಇಲ್ಲಿ ಕರಿಮನೆಗಳಿಲ್ಲ. ಸಪ್ತಸ್ವರಕ್ಕೆ ಏಳು ಪೆಡಲುಗಳು. ಒಂದೊಂದಕ್ಕೂ ಮೂರು ನಿಲುವು. ಒಂದನ್ನು ಒತ್ತಿದರೆ ಆ ಸ್ವರದ ತಂತಿಗಳೆಲ್ಲ ಒಟ್ಟಿಗೆ ಏರುತ್ತವೆ. ಆಧುನಿಕ ಜಾಝ್‌ನಲ್ಲಿ ಸ್ವರಮೇಳ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಬೆರಳಿಗಿಂತ ಮುಂಚೆ ಪಾದ ಓಡಬೇಕು. ಹೊಲಿಗೆ ಯಂತ್ರ ತುಳಿದ ತಾಯಂದಿರು ಊಹಿಸಿಕೊಳ್ಳಿ!

1930ರ ದಶಕದಲ್ಲೇ ಕ್ಯಾಸ್ಪರ್ ರಿಯರ್ಡನ್‌ರಂಥವರು ಜಾಝ್‌ನಲ್ಲಿ ಹಾರ್ಪ್ ನುಡಿಸಿದ್ದುಂಟು. ಆದರೆ ಹೊಸ ಕಾಲದ ಬಿರುಸಿನ ಬೀಬಾಪ್ ಶೈಲಿಗೆ ಈ ನಯದ ವಾದ್ಯ ಯಾರಿಗೂ ಬೇಕಿರಲಿಲ್ಲ. ಆಶ್ಬಿ ಬಾಗಿಲು ತಟ್ಟುತ್ತ ಕೂರಲಿಲ್ಲ. ಉಚಿತ ಕಾರ್ಯಕ್ರಮ ಕೊಟ್ಟರು, ಮದುವೆ, ನೃತ್ಯಕೂಟಗಳಲ್ಲಿ ನುಡಿಸಿದರು. ಕೇಳುಗರನ್ನು ತಾವೇ ಹುಟ್ಟಿಸಿಕೊಂಡರು. 1957ರಲ್ಲಿ ಕೊಳಲುಗಾರ ಫ್ರಾಂಕ್ ವೆಸ್ ಜೊತೆ 'ದಿ ಜಾಝ್ ಹಾರ್ಪಿಸ್ಟ್' ಬಂತು. ಅದರಲ್ಲಿ ಹಾರ್ಪ್ ಅಲಂಕಾರಕ್ಕೆ ಕುಳಿತ ಅತಿಥಿಯಲ್ಲ, ಮನೆಯೊಡತಿ. ಕೇಳಿದರೆ ಕೆಲವೆಡೆ ಗಿಟಾರೇ ಎನ್ನಿಸುತ್ತದೆ. ತಂದೆಯ ಪ್ರಭಾವವೋ ಏನೋ. ಆಶ್ಬಿ ತೀರಿಕೊಂಡದ್ದು 1986ರಲ್ಲಿ.

ಇದೇ ಊರಿನಲ್ಲಿ 1937ರಲ್ಲಿ ಹುಟ್ಟಿದ ಆಲಿಸ್ ಕೋಲ್ಟ್ರೇನ್ ಕಥೆಯೇ ಬೇರೆ. ಅವರ ಪತಿ, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಒಂದು ಹಾರ್ಪ್ ತರಿಸಲು ಹೇಳಿದ್ದರು. 1967ರಲ್ಲಿ ಅವರು ತೀರಿಕೊಂಡ ಮೇಲೆ ವಾದ್ಯ ಮನೆಗೆ ಬಂತು. ಆಲಿಸ್ ಅದನ್ನು ಕಲಿತರು. ದುರಸ್ತಿಗೊಂಡ ಅದೇ ಹಾರ್ಪಿನ ಮೇಲೆ ನ್ಯೂಯಾರ್ಕಿನ ಬ್ರ್ಯಾಂಡಿ ಯಂಗರ್ ನುಡಿಸಿದ ಆಲ್ಬಂ 2025ರಲ್ಲಿ ಬಂದಿದೆ. 2023ರ ಆಲ್ಬಂನಲ್ಲಿ ಆಕೆ ಆಶ್ಬಿಯವರ ರಚನೆಗಳನ್ನೂ ನುಡಿಸಿದ್ದಾರೆ.

ಇನ್ನು ಆ ಶಾಲೆ. ಹುಡುಗಿ ಡೊರೊಥಿ ಓದಿದ ಹಳೆಯ ಕಟ್ಟಡವನ್ನು ಈಗ ಹುಡುಕಬೇಡಿ, 2011ರಲ್ಲಿ ಕೆಡವಿದರು. ಪಕ್ಕದ ಹೊಸ ಕಟ್ಟಡದಲ್ಲಿ ಶಾಲೆ ನಡೆದಿದೆ. ಹಾರ್ಪುಗಳೂ ಅಲ್ಲಿಗೆ ಹೋದವು.