ಕೊಸರು

ತರಕಾರಿ ಕೊಂಡ ಮೇಲೆ ಒಂದೆಸಳು ಕರಿಬೇವನ್ನಾದರೂ ಕೊಸರೆಂದು ಕೇಳಿ ಪಡೆಯದಿದ್ದರೆ ನನಗೆ ವ್ಯಾಪಾರ ಮುಗಿದಂತೆ ಎನಿಸುವುದಿಲ್ಲ. ಇದು ಜಿಪುಣತನವಲ್ಲ, ಗಿರಾಕಿಯ ಹಕ್ಕು ಎಂದೇ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಒಂದು ದೀಪ.

ಬೆಂಗಳೂರಿನ ನಮ್ಮ ಬೀದಿಯ ತಿರುವಿನಲ್ಲಿ ಒಬ್ಬಾಕೆ ತಳ್ಳುಗಾಡಿಯಲ್ಲಿ ಸೊಪ್ಪು ತರಕಾರಿ ಮಾರುತ್ತಾಳೆ. ಮೊದಲು ಸಂಜೆಯಾದರೆ ಅವಳ ಗಾಡಿಯ ಮೇಲೆ ಗ್ಯಾಸ್‌ಲೈಟು ಬುಸುಗುಡುತ್ತಿತ್ತು. ಕೊತ್ತಂಬರಿಯ ವಾಸನೆಗಿಂತ ಮುಂಚೆ ಸೀಮೆಎಣ್ಣೆಯ ವಾಸನೆ ನಮ್ಮನ್ನು ಎದುರುಗೊಳ್ಳುತ್ತಿತ್ತು. ಒಂದು ಸಂಜೆ ನೋಡುತ್ತೇನೆ, ಅಲ್ಲಿ ತಣ್ಣನೆಯ ಬಿಳಿ ಬಲ್ಬು, ಗಾಡಿಯ ಕೆಳಗೆ ಒಂದು ಬ್ಯಾಟರಿ. ಪಕ್ಕದ ಓಣಿಯ ಹುಡುಗನೊಬ್ಬ ತನ್ನ ಮಹಡಿಯ ಮೇಲೆ ಸೌರಫಲಕ ಹಾಕಿಸಿ, ಹಗಲೆಲ್ಲ ಬ್ಯಾಟರಿಗಳಿಗೆ ಬಿಸಿಲು ಕುಡಿಸಿ, ಸಂಜೆ ಗಾಡಿಗಾಡಿಗೂ ದಿನಬಾಡಿಗೆಗೆ ಕೊಡುತ್ತಿದ್ದ.

ನಾನು ಬಿಡುತ್ತೇನೆಯೆ? “ಬಿಸಿಲಿನ ದೀಪ ಬಂತಲ್ಲಮ್ಮ, ಎಣ್ಣೆಯ ಖರ್ಚು ಉಳಿಯಿತು. ಎರಡು ರೂಪಾಯಿ ಇಳಿಸು” ಎಂದೆ.

“ಬಿಸಿಲು ಬಿಟ್ಟಿ ಸ್ವಾಮಿ, ಬ್ಯಾಟ್ರಿ ಬಿಟ್ಟೀನಾ?” ಎಂದಳು. ಆದರೂ ಇಳಿಸಿದಳು.

ಈ ಏರ್ಪಾಡು ನಮ್ಮ ಹುಡುಗ ಕಂಡುಹಿಡಿದದ್ದಲ್ಲ, ಎಲ್ಲಿಯೋ ನೋಡಿ ಕಲಿತದ್ದು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ, ಬಡವರು ಬ್ಯಾಂಕಿನ ಸಾಲದಿಂದ ಸೌರದೀಪ ಕೊಳ್ಳುವಂತೆ ಮಾಡಿದ್ದಲ್ಲದೆ, ಬೀದಿ ವ್ಯಾಪಾರಿಗಳಿಗೆ ದೀಪ ಬಾಡಿಗೆಗೆ ಕೊಡುವ ಸಣ್ಣ ಉದ್ಯಮಿಗಳನ್ನೂ ಬೆಳೆಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಲೆಕ್ಕ ಸೊಗಸಾಗಿದೆ. ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುವಂಥದು. ಸೀಮೆಎಣ್ಣೆಗೆ ತೆತ್ತ ರೂಪಾಯಿಯಲ್ಲಿ ಒಂದು ಪಾಲು ಸಮುದ್ರ ದಾಟಿ ಹೋಗುತ್ತಿತ್ತು, ಮತ್ತೆ ನಮ್ಮ ಬೀದಿಯ ಮುಖ ನೋಡುತ್ತಿರಲಿಲ್ಲ. ದೀಪದ ಬಾಡಿಗೆಯೋ ಪಕ್ಕದ ಓಣಿಗೆ ಹೋಗಿ, ಹುಡುಗನ ತಾಯಿಯ ಕೈಯಿಂದ ದಂಟಿನ ಸೊಪ್ಪಿನ ಬೆಲೆಯಾಗಿ ಅದೇ ಗಾಡಿಗೆ ಮರಳುತ್ತಿತ್ತು. ಒಂದೇ ರೂಪಾಯಿ ಎರಡು ಒಲೆ ಹೊತ್ತಿಸುತ್ತಿತ್ತು.

ಆದರೆ ಬ್ಯಾಟರಿಗೂ ಆಯುಸ್ಸುಂಟು, ಮೂರೋ ನಾಲ್ಕೋ ವರ್ಷ. ಬಾಡಿಗೆಯಲ್ಲಿ ಹೊಸ ಬ್ಯಾಟರಿಗೆಂದು ದಿನವೂ ಒಂದಿಷ್ಟು ಎತ್ತಿಡಬೇಕು. ನನ್ನಂಥವರು ಆಕೆಯನ್ನು ಜಗ್ಗಿದೆವು, ಆಕೆ ಹುಡುಗನನ್ನು ಜಗ್ಗಿದಳು, ಅವನಿಗೆ ಎತ್ತಿಡಲು ಏನೂ ಉಳಿಯಲಿಲ್ಲ. ಒಂದು ಮಳೆಗಾಲದಲ್ಲಿ ಬ್ಯಾಟರಿಗಳು ಒಂದರ ಹಿಂದೊಂದು ಕಣ್ಣು ಮುಚ್ಚಿದವು. ಮೂರು ವಾರ ಆಕೆ ಕತ್ತಲಾಗುವ ಮುನ್ನವೇ ಗಾಡಿ ತಳ್ಳಿಕೊಂಡು ಹೋದಳು. ಕಛೇರಿಯಿಂದ ಜನ ಮನೆಗೆ ಬರುವ ಹೊತ್ತಿಗೆ ತಿರುವು ಬರಿದು, ಸೊಪ್ಪೆಲ್ಲ ಬಾಡಿ ಹಸುವಿನ ಪಾಲು. ನಾನೇನು ಮಾಡಿದೆ? ಝಗಝಗಿಸುವ ದೊಡ್ಡ ಅಂಗಡಿಗೆ ಹೋಗಿ, ಚೀಟಿಯಲ್ಲಿದ್ದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆತ್ತು ಬಂದೆ. ಅಲ್ಲಿ ಕೊಸರು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಂದು ಮನೆಗೆ ಬರುವಾಗ ಕೈಚೀಲಕ್ಕಿಂತ ಮನಸ್ಸು ಭಾರವಾಗಿತ್ತು. ನಾನು ಇಳಿಸಿದ ಎರಡು ರೂಪಾಯಿ ಆ ದೀಪದ ನಾಳೆಯ ಬೆಳಕಿನಿಂದ ಕಿತ್ತದ್ದು ಎಂದು ಹೊಳೆಯಿತು.

ಹುಡುಗ ಸಾಲ ಮಾಡಿ ಹೊಸ ಬ್ಯಾಟರಿ ತಂದ. ಬಾಡಿಗೆ ಸ್ವಲ್ಪ ಏರಿತು, ಸೊಪ್ಪಿನ ಬೆಲೆಯೂ ಏರಿತು. ಮೊದಲ ಸಂಜೆಯೇ ಹೋಗಿ, ಹೇಳಿದ ಹಣ ಕೊಟ್ಟು ಚೀಲ ಎತ್ತಿಕೊಂಡೆ. ಆಕೆ ಎಂದಿನಂತೆ ಕರಿಬೇವು ಹಾಕಲು ಬಂದಳು.

“ಕೊಸರು ಬೇಡಮ್ಮ” ಎಂದೆ, ಬಲು ಉದಾರಿಯಂತೆ.

“ನಿಮಗ್ಯಾರು ಕೊಟ್ಟರು ಸ್ವಾಮಿ? ಇದು ಅಮ್ಮಾವ್ರ ಒಗ್ಗರಣೆಗೆ” ಎಂದು ಚೀಲಕ್ಕೆ ತುರುಕಿದಳು.